ಚಂದನಕ್ಕೆ ದುಡ್ಡು ಯಾರದು, ಸೀರಿಯಲ್ ಚಾನೆಲ್‌ಗೆ ದುಡ್ಡು ಯಾರದು? ಟಿವಿ ಹೀಗಿರೋದಕ್ಕೆ ಅದೇ ಕಾರಣನಾ?

ತುಂಗಾತೀರ
ಸಂಜೆ ಆರರಿಂದ ರಾತ್ರಿ ಹತ್ತೂವರೆವರೆಗೆ ಯಾವ ಖಾಸಗಿ ಚಾನೆಲ್ ಹಾಕಿದರೂ ಸೀರಿಯಲ್. ಹಾಲಿಗೆ ವಿಷ, ನೆನಪು ಹೋದ ಗಂಡ, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವ ಚಿಕ್ಕಮ್ಮ. ನ್ಯೂಸ್ ಹಾಕಿದರೆ ಬೆಳಿಗ್ಗೆ ಜ್ಯೋತಿಷ್ಯ, ರಾತ್ರಿ ಕಿರುಚಾಟ. ಚಂದನದಲ್ಲಿ ಒಳ್ಳೆ ಕಾರ್ಯಕ್ರಮ ಇರುತ್ತವೆ, ಇಲ್ಲ ಅನ್ನಲ್ಲ. ಆದರೆ ಸೆಟ್ಟು, ಲೈಟು ಯಾವ ಕಾಲದ್ದೋ ಅನಿಸುತ್ತದೆ. ಸರ್ಕಾರದ ಸುದ್ದಿ ಬಂದರೆ ಬರೀ ಉದ್ಘಾಟನೆ.

"ಜನಕ್ಕೆ ಬೇಕಾಗಿರೋದೇ ಇದು" ಅಂತ ಹೇಳಿ ಮಾತು ಮುಗಿಸುವವರೇ ಜಾಸ್ತಿ. ನನಗೇನೋ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದೇ ಅರ್ಧ ತೀರ್ಮಾನ ಮಾಡುತ್ತದೆ ಅನಿಸುತ್ತದೆ. ಬ್ರಿಟನ್ನಿನಲ್ಲಿ ಬಿಬಿಸಿಗೆ ಮನೆ ಮನೆಯಿಂದ ಲೈಸೆನ್ಸ್ ಫೀ ಹೋಗುತ್ತದಂತಲ್ಲ, ನಮ್ಮಲ್ಲೂ ಹಾಗೆ ಇಟ್ಟರೆ ಟಿವಿ ಸುಧಾರಿಸುತ್ತಾ? ಈ ಲೈನಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ.

ಗುರು_ಮೈಸೂರು
ಜನ ನೋಡ್ತಾರೆ, ಅವರು ಹಾಕ್ತಾರೆ. ಅಷ್ಟೇ ಗುರು.

ಲೆಕ್ಕದ_ಪುಸ್ತಕ
ಅಷ್ಟೇ ಅಲ್ಲ. ನಾನು ಜಾಹೀರಾತು ಏಜೆನ್ಸಿಯಲ್ಲಿ ಟಿವಿ ಸಮಯ ಕೊಳ್ಳುವ ಕೆಲಸ ಮಾಡಿದವನು. ಅಲ್ಲಿ ಯಾರೂ "ಜನ" ಅಂತ ಮಾತಾಡುವುದಿಲ್ಲ. ಸಾಬೂನಿನವರು ಬಂದು ಇಂಥ ವಯಸ್ಸಿನ, ಇಷ್ಟು ಅನುಕೂಲ ಇರುವ ಮನೆಯ ಹೆಂಗಸರು ಬೇಕು ಅಂತ ಕೇಳುತ್ತಾರೆ. ಟೀ ಪುಡಿ, ಟೂತ್‌ಪೇಸ್ಟ್, ಮಸಾಲೆ, ಎಲ್ಲರೂ ಕೇಳುವುದು ಅದನ್ನೇ. ದರ ಇರುವುದು 10 ಸೆಕೆಂಡಿಗೆ ಇಷ್ಟು ಅಂತ. ಆ ಹೆಂಗಸರು ದಿನಾ ಅದೇ ಹೊತ್ತಿಗೆ ತಪ್ಪದೆ ಬಂದು ಕೂರಬೇಕಾದರೆ ದಿನದ ಸೀರಿಯಲ್‌ಗಿಂತ ಅಗ್ಗದ ದಾರಿ ಇನ್ನೊಂದಿಲ್ಲ.

70 ದಾಟಿದ ನಿಮ್ಮ ತಂದೆ ಇಡೀ ದಿನ ಟಿವಿ ಮುಂದೆ ಕೂತಿರಬಹುದು. ಈ ಲೆಕ್ಕದಲ್ಲಿ ಅವರಿಗೆ ಬೆಲೆ ಕಡಿಮೆ. ಹೊಸ ಟೂತ್‌ಪೇಸ್ಟಿಗೆ ಬದಲಾಗುವವರಲ್ಲ ಅಂತ. ರೈತರ ಕಾರ್ಯಕ್ರಮ ಖಾಸಗಿಯವರ ಪ್ರೈಮ್ ಟೈಮಿನಲ್ಲಿ ಯಾಕಿಲ್ಲ ಅಂದರೆ ನೋಡುವವರಿಲ್ಲ ಅಂತಲ್ಲ. ಆ ನೋಡುಗರನ್ನು ಕೊಳ್ಳುವವರು ಇಲ್ಲ.

ಇನ್ನು "ಜನ ನೋಡ್ತಾರೆ" ಅನ್ನೋದು ಗೊತ್ತಾಗುವುದಾದರೂ ಹೇಗೆ? ರೇಟಿಂಗ್ ಅಳೆಯುವ ಬಾರ್ಕ್ ಸಂಸ್ಥೆಯವರ ಮೀಟರ್ ಇರುವುದು ಇಡೀ ದೇಶದಲ್ಲಿ 50 ಸಾವಿರ ಚಿಲ್ಲರೆ ಮನೆಗಳಲ್ಲಿ. ದೊಡ್ಡ ಸೀರಿಯಲ್ ಅಳೆಯಲು ಅದು ಸಾಕು. ಸಣ್ಣ ಚಾನೆಲ್ಲಿನ ಸಣ್ಣ ಕಾರ್ಯಕ್ರಮ ಅದರಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಗುರು_ಮೈಸೂರು
ಟಿಆರ್‌ಪಿ, ಅಂದ್ರೆ ರೇಟಿಂಗ್ ತಿರುಚಿದ ಆರೋಪದ ಗಲಾಟೆ ಆದಮೇಲೆ ಎರಡು ವರ್ಷ ನ್ಯೂಸ್‌ಗೆ ರೇಟಿಂಗೇ ಇರಲಿಲ್ಲ ಅಲ್ವಾ? ಆಗ ಏನು ಸುಧಾರಿಸಿಬಿಟ್ಟರು?

ಲೆಕ್ಕದ_ಪುಸ್ತಕ
2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ. ಒಂದೂವರೆ ವರ್ಷ. ಸುಧಾರಿಸಲಿಲ್ಲ, ನಿಜ. ನಿಂತಿದ್ದು ಅಳತೆ ಮಾತ್ರ. ಹೊಟ್ಟೆ ತುಂಬುತ್ತಿದ್ದದ್ದು ಆಗಲೂ ಜಾಹೀರಾತಿನಿಂದಲೇ.

ಕೇಬಲ್_ದಾವಣಗೆರೆ
ನಾನು ಲೋಕಲ್ ಕೇಬಲ್ ಆಪರೇಟರ್. ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಹೇಳ್ತೀನಿ.

ನೀವು ತಿಂಗಳಿಗೆ ಮುನ್ನೂರು ಚಿಲ್ಲರೆ ಕೊಡುತ್ತೀರಲ್ಲ, ಅದೆಲ್ಲ ಚಾನೆಲ್‌ಗೆ ಹೋಗುವುದಿಲ್ಲ. 2019ರಲ್ಲಿ ಕೇಬಲ್ ದರಕ್ಕೆ ನಿಯಮ ಮಾಡುವ ಟ್ರಾಯ್ ಸಂಸ್ಥೆ ಹೊಸ ನಿಯಮ ತಂದಾಗ ಮೊದಲ 130 ರೂಪಾಯಿ ಬರೀ ನೆಟ್‌ವರ್ಕ್ ಶುಲ್ಕ ಅಂತ ಇಟ್ಟಿತು. ಅದರ ಮೇಲೆ ಜಿಎಸ್‌ಟಿ. ಪೇ ಚಾನೆಲ್ ದುಡ್ಡು ಬೇರೆ. ಬೊಕೆಯಲ್ಲಿ, ಅಂದರೆ ಹಲವು ಚಾನೆಲ್‌ಗಳ ಕಟ್ಟಿನಲ್ಲಿ ಸೇರಿಸಬೇಕಾದರೆ ಒಂದು ಚಾನೆಲ್‌ಗೆ 19 ರೂಪಾಯಿ ಮೀರಬಾರದು ಅಂತ ಮಿತಿ. ಅದಕ್ಕೇ ದೊಡ್ಡ ದೊಡ್ಡ ಚಾನೆಲ್‌ಗಳೆಲ್ಲ ಸರಿಯಾಗಿ 19ಕ್ಕೇ ಬಂದು ನಿಂತವು.

ಇದಕ್ಕೆ ಉಲ್ಟಾ ಕಥೆ ನ್ಯೂಸ್ ಚಾನೆಲ್‌ಗಳದು. ಅವು ಬಹುಪಾಲು ಫ್ರೀ. ನಿಮ್ಮಿಂದ ಪೈಸೆ ಬರಲ್ಲ. ಬದಲಿಗೆ ತಮ್ಮ ಚಾನೆಲ್ ತೋರಿಸಿ ಅಂತ ನೆಟ್‌ವರ್ಕ್‌ನವರಿಗೆ ಅವರೇ ಕ್ಯಾರೇಜ್ ಫೀ ಕೊಡುತ್ತಾರೆ. ಸೆಟ್ ಟಾಪ್ ಬಾಕ್ಸ್ ಆನ್ ಮಾಡಿದ ಕೂಡಲೇ ನೀವು ಕೇಳದೇ ಇದ್ದರೂ ಒಂದು ಚಾನೆಲ್ ಬಂದು ನಿಲ್ಲುತ್ತಲ್ಲ, ಅದಕ್ಕೆ ಲ್ಯಾಂಡಿಂಗ್ ಪೇಜ್ ಅಂತಾರೆ. ಅದೂ ದುಡ್ಡು ಕೊಟ್ಟು ತೊಗೊಂಡ ಜಾಗ. ನೀವು ರಿಮೋಟ್ ಹುಡುಕಿ ಬೇರೆ ನಂಬರ್ ಒತ್ತುವಷ್ಟರಲ್ಲಿ ಅವರಿಗೆ ಒಬ್ಬ ನೋಡುಗ ಸಿಕ್ಕ. ಇಷ್ಟೆಲ್ಲ ಸುರಿದ ಮೇಲೆ ಆ ದುಡ್ಡು ವಾಪಸ್ ಬರಬೇಕಲ್ಲ. ಬೆಳಿಗ್ಗೆ ಅರ್ಧರ್ಧ ಗಂಟೆ ಜ್ಯೋತಿಷಿಗಳಿಗೆ, ಮಂಡಿನೋವಿನ ಎಣ್ಣೆಗೆ ಮಾರುವುದು ಅದಕ್ಕೇ.

ಮಾಣಿ_ಕುಂದಾಪುರ
ಅದು ಜಾಹೀರಾತಾ ಮಾರಾಯ್ರೆ? ನನ್ನ ಅಮ್ಮ ಅದನ್ನ ಕಾರ್ಯಕ್ರಮ ಅಂತಲೇ ನೋಡುವುದು. ಪೆನ್ನು ಕಾಗದ ಹಿಡಿದು ಪರಿಹಾರ ಬೇರೆ ಬರೆದುಕೊಳ್ಳುತ್ತಾರೆ.

ಕೇಬಲ್_ದಾವಣಗೆರೆ
ಕೆಳಗೆ ಸಣ್ಣ ಅಕ್ಷರದಲ್ಲಿ "ಪ್ರಾಯೋಜಿತ" ಅಂತ ಇರುತ್ತೆ ನೋಡಿ. ಕನ್ನಡಕ ಹಾಕಿಕೊಂಡು ನೋಡಬೇಕು.

ಸಂಚಿಕೆಗಾರ್ತಿ
ಸೀರಿಯಲ್ ಬರೆಯುವವರನ್ನು ಬೈಯುವ ಮೊದಲು ನಮ್ಮ ಗುರುವಾರ ಹೇಗಿರುತ್ತೆ ಕೇಳಿ. ಗುರುವಾರ ರೇಟಿಂಗ್ ಬರುತ್ತದೆ. ಅರ್ಧ ಪಾಯಿಂಟ್ ಬಿದ್ದಿದ್ದರೆ ಮಧ್ಯಾಹ್ನದ ಹೊತ್ತಿಗೆ ಫೋನ್. ಟ್ರ್ಯಾಕ್ ಬದಲಿಸಿ. ಸತ್ತವಳನ್ನು ವಾಪಸ್ ತನ್ನಿ. ಮದುವೆ ಮುಂದಕ್ಕೆ ಹಾಕಿ. ನಿಮಗೆ ಕಥೆ ಎಳೆದಂತೆ ಕಾಣುವುದು ನಮಗೆ ವಾರ ವಾರ ಪರೀಕ್ಷೆ.

ಮಹಾಸಂಗಮ ಅಂತ ಎರಡು ಸೀರಿಯಲ್ ಸೇರಿಸಿ ಒಂದು ಗಂಟೆ ಮಾಡುತ್ತಾರಲ್ಲ, ಅದು ಕಥೆಗೆ ಬೇಕು ಅಂತ ಯಾರೂ ಮಾಡಲ್ಲ. ಚೆನ್ನಾಗಿ ಓಡುತ್ತಿರುವ ಸ್ಲಾಟಿನ ನೋಡುಗರನ್ನು ಸೊರಗಿದ ಸ್ಲಾಟಿಗೆ ದಾಟಿಸುವುದಕ್ಕೆ. ಬ್ರೇಕಿಗೆ ಮುಂಚೆ ಯಾರಾದರೂ ಬಾಗಿಲು ತೆರೆದು "ಏನೂ..." ಅಂತ ನಿಲ್ಲಲೇಬೇಕು. ಬ್ರೇಕ್ ಮುಗಿದ ಮೇಲೆ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ, ಹಾಲಿನವನು ಬಂದಿರುತ್ತಾನೆ.

ಒಮ್ಮೆ ಅಡುಗೆಮನೆಯಲ್ಲಿ ಸೊಸೆ ಒಬ್ಬಳೇ ಅಳುವ ದೃಶ್ಯ ಬರೆದಿದ್ದೆ. ಚಾನೆಲ್‌ನಿಂದ ಬಂದ ಸೂಚನೆ: ಅಳುತ್ತಾ ಪಾತ್ರೆ ತೊಳೆಯಲಿ. ಪಾತ್ರೆ ತೊಳೆಯುವ ಲಿಕ್ವಿಡ್‌ನವರು ದುಡ್ಡು ಕೊಟ್ಟಿದ್ದರು. ಆ ಹುಡುಗಿ ಚೆನ್ನಾಗಿ ಅತ್ತಳು, ಕಣ್ಣೀರು ನಿಜವಾದದ್ದು. ಆದರೆ ಬಾಟಲಿ ಉಲ್ಟಾ ಇಟ್ಟಿದ್ದಳು. ಲೇಬಲ್ ಕಾಣಲಿಲ್ಲ ಅಂತ ಮತ್ತೆ ಶೂಟ್ ಮಾಡಿದರು. ಎರಡನೇ ಸಲ ಗ್ಲಿಸರಿನ್.

ಅಂಚೆಪೇಟೆ
ತುಂಗಾತೀರ ಅವರೇ, ಲೈಸೆನ್ಸ್ ಫೀ ನಮ್ಮಲ್ಲೂ ಇತ್ತು. ಚಿಕ್ಕವರಿಗೆ ಗೊತ್ತಿರಲ್ಲ. ರೇಡಿಯೋ, ಟಿವಿ ಎರಡಕ್ಕೂ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಪುಸ್ತಕ ಮಾಡಿಸಬೇಕಿತ್ತು. ವರ್ಷಕ್ಕೊಮ್ಮೆ ಹೋಗಿ ದುಡ್ಡು ಕಟ್ಟಿ ಸ್ಟಾಂಪ್ ಹಾಕಿಸಿಕೊಂಡು ಬರೋದು. ಇನ್‌ಸ್ಪೆಕ್ಟರ್ ಬರ್ತಾನೆ ಅಂತ ಸುದ್ದಿ ಹಬ್ಬಿದರೆ ನಮ್ಮ ಬೀದಿಯಲ್ಲಿ ರೇಡಿಯೋಗಳೆಲ್ಲ ಕಂಬಳಿ ಕೆಳಗೆ. ಎಂಬತ್ತರ ದಶಕದಲ್ಲಿ ತೆಗೆದುಹಾಕಿದರು.

ನಿಯಮಾವಳಿ
ಇತ್ತು, ಆದರೆ ಬಿಬಿಸಿ ಥರ ಅಲ್ಲ. ಆಗ ದೂರದರ್ಶನ ಅಂದರೆ ಸರ್ಕಾರದ ಇಲಾಖೆ. ಲೈಸೆನ್ಸ್ ಇದ್ದ ಕಾಲದಲ್ಲೇ, 1976ರಿಂದಲೇ, ಜಾಹೀರಾತೂ ಶುರುವಾಗಿತ್ತು. ಆಮೇಲೆ 1984ರ "ಹಮ್ ಲೋಗ್"ನಿಂದ ಪ್ರಾಯೋಜಿತ ಧಾರಾವಾಹಿ. ನಿರ್ಮಾಪಕ ತನ್ನ ಖರ್ಚಿನಲ್ಲಿ ಮಾಡಿ, ದೂರದರ್ಶನಕ್ಕೆ ಪ್ರಸಾರ ಶುಲ್ಕ ಕಟ್ಟಿ, ಬದಲಿಗೆ ಸಿಕ್ಕ ಜಾಹೀರಾತು ಸಮಯ ಮಾರಿಕೊಳ್ಳುವ ಪದ್ಧತಿ ಬೆಳೆದದ್ದು ಆಗ. "ರಾಮಾಯಣ", "ಮಹಾಭಾರತ"ದ ಹೊತ್ತಿಗೆ ಜಾಹೀರಾತುದಾರರು ಸಾಲು ನಿಂತಿದ್ದರು. ನಾವು ಈಗ ನೆನೆಸಿಕೊಳ್ಳುವ "ಹಳೇ ಒಳ್ಳೇ ದೂರದರ್ಶನ" ಏಕಸ್ವಾಮ್ಯ ಇದ್ದ ಒಂದು ವಾಣಿಜ್ಯ ಚಾನೆಲ್ಲೂ ಹೌದು. 1991ರ ಮೇಲೆ ಸ್ಯಾಟಲೈಟ್ ಚಾನೆಲ್‌ಗಳು ಬಂದವು, ಏಕಸ್ವಾಮ್ಯ ಹೋಯಿತು. ಕನ್ನಡದಲ್ಲಿ 1994ರಲ್ಲಿ ಉದಯ ಬಂತು. ಜಾಹೀರಾತು ಆ ಕಡೆ ನಡೆಯಿತು.

ಆಗುಂಬೆ_ಮಳೆ
ಆದರೂ "ಮಾಲ್ಗುಡಿ ಡೇಸ್" ಬಂದದ್ದು ಅದೇ ದೂರದರ್ಶನದಲ್ಲಿ ಸ್ವಾಮಿ. ಶಂಕರ್‌ನಾಗ್ ನಮ್ಮೂರಲ್ಲಿ ಶೂಟಿಂಗ್ ಮಾಡಿದ್ದು. ಇವತ್ತಿನ ಯಾವ ಚಾನೆಲ್ ಅಂಥದ್ದಕ್ಕೆ ದುಡ್ಡು ಹಾಕುತ್ತೆ ಹೇಳಿ.

ಗುರು_ಮೈಸೂರು
ಶುರುವಾಯ್ತು ನೆನಪಿನ ಮೆರವಣಿಗೆ.

ಕಲಬುರ್ಗಿ_ಬಿಸಿಲು
ಬೆಂಗಳೂರಿನವರಿಗೆ ಟಿವಿ ಅಂದ್ರ 1981ರಿಂದ ಶುರು. ನಮ್ಮ ಕಡೆ ಅದಕ್ಕೂ ಮೊದಲೇ ಬಂದಿತ್ತು ರೀ. 1975ರ ಆಗಸ್ಟ್‌ನಾಗ ಸೈಟ್ ಅಂತ ಒಂದು ಪ್ರಯೋಗ. ಅಮೆರಿಕದ ನಾಸಾದಿಂದ ಒಂದು ವರ್ಷಕ್ಕ ಉಪಗ್ರಹ ಎರವಲು ತಂದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಕರ್ನಾಟಕದಾಗ ಆಯ್ಕೆ ಆದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಯ ಹಳ್ಳಿಗಳು. ಊರಿಗೆಲ್ಲ ಸೇರಿ ಒಂದು ಸೆಟ್. ಒಕ್ಕಲುತನ, ಆರೋಗ್ಯ, ಮಕ್ಕಳ ಪಾಠ.

ಅಲ್ಲಿ ಜಾಹೀರಾತಿನವರನ್ನ ಕೇಳಿದ್ದರ ಈ ಮೂರು ಜಿಲ್ಲೆಯ ಹೆಸರು ಪಟ್ಟಿಯ ಕೊನೆಗೂ ಬರ್ತಿರಲಿಲ್ಲ. ದುಡ್ಡು ಸರ್ಕಾರದ್ದು, ಅದಕ್ಕ ಬಂತು. ಒಂದು ವರ್ಷ ಆದಮ್ಯಾಲ ಉಪಗ್ರಹ ವಾಪಸ್ ಹೋಯ್ತು, ಸೆಟ್ಟು ಬರೇ ಡಬ್ಬಿ ಆತು. 1977ರಾಗ ಗುಲಬರ್ಗಾದಾಗ ಟ್ರಾನ್ಸ್‌ಮಿಟರ್ ಬಂತು, ಅದು ಬ್ಯಾರೆ. ಹಿಂದುಳಿದ ಜಿಲ್ಲೆ ಅಂತ ನಮ್ಮನ್ನ ಮೊದಲು ಹಿಡಿದದ್ದು ಅದೊಂದೇ ಸಲ ಇರಬೇಕು.

ಮಾಣಿ_ಕುಂದಾಪುರ
ಇದು ಗೊತ್ತೇ ಇರಲಿಲ್ಲ. ಮತ್ತೆ ನಾವು ಬೆಂಗಳೂರಿನವರೇ ಮೊದಲು ಅಂದುಕೊಂಡದ್ದು.

ಲಂಡನ್_ಲಕ್ಷ್ಮಿ
ಬಿಬಿಸಿ ಮಾದರಿ ಅಂದ ಕೂಡಲೇ ಹಾಡಿ ಹೊಗಳಬೇಡಿ. ಇಲ್ಲಿ 2025ರ ಏಪ್ರಿಲ್‌ನಲ್ಲಿ ವರ್ಷಕ್ಕೆ 174.50 ಪೌಂಡ್ ಆಯಿತು. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 20 ಸಾವಿರ. ಬಡವ ಬಲ್ಲಿದ ಇಬ್ಬರಿಗೂ ಅಷ್ಟೇ. ಕಟ್ಟದೆ ಲೈವ್ ಟಿವಿ ನೋಡಿದರೆ ಅಪರಾಧ, ಕೋರ್ಟಿಗೆ ಎಳೆಯುತ್ತಾರೆ. 75 ದಾಟಿದವರಿಗೆಲ್ಲ ಉಚಿತ ಇದ್ದದ್ದನ್ನು 2020ರಲ್ಲಿ ತೆಗೆದರು. ಈಗ ಪೆನ್ಷನ್ ಕ್ರೆಡಿಟ್ ಪಡೆಯುವ ಬಡ ವೃದ್ಧರಿಗೆ ಮಾತ್ರ.

ಲಾಭ ಏನು ಅಂದರೆ ಮಧ್ಯದಲ್ಲಿ ಬ್ರೇಕ್ ಇಲ್ಲ. ಬ್ರೇಕ್ ಇಲ್ಲದಿದ್ದರೆ ಬರವಣಿಗೆಯೇ ಬೇರೆ ಥರ ಆಗುತ್ತದೆ, ಸಂಚಿಕೆಗಾರ್ತಿ ಅವರಿಗೆ ಇದು ಅರ್ಥ ಆಗುತ್ತೆ. ಆದರೆ ಫೀ ಎಷ್ಟು ಅಂತ ನಿರ್ಧರಿಸೋದು ಸರ್ಕಾರವೇ. 2022ರಲ್ಲಿ ಎರಡು ವರ್ಷ ಏರಿಸಲ್ಲ ಅಂತ ತಡೆದುಬಿಟ್ಟರು. ಬೆಲೆ ಏರುತ್ತಿದ್ದ ಕಾಲ ಅದು, ಬಿಬಿಸಿಯಲ್ಲಿ ಕಡಿತ ಶುರುವಾಯಿತು. ಸಂಪಾದಕರಿಗೆ ಫೋನ್ ಮಾಡಿ ಬೆದರಿಸುವ ಅಗತ್ಯವೇ ಇಲ್ಲ.

ಇಲ್ಲಿ ಬ್ರಿಟನ್ನಿನಲ್ಲಿ ಇನ್ನೊಂದು ವಿಚಿತ್ರ ಇದೆ. ಚಾನೆಲ್ 4. 1982ರಿಂದ ಇದೆ. ಮಾಲೀಕತ್ವ ಸರ್ಕಾರದ್ದು, ಹೊಟ್ಟೆಪಾಡು ಜಾಹೀರಾತಿನದು. ಲೈಸೆನ್ಸ್ ಫೀಯಿಂದ ಪೆನ್ನಿ ಬರಲ್ಲ. ಲಾಭ ಹಂಚಿಕೊಳ್ಳುವ ಷೇರುದಾರರಿಲ್ಲ, ಹಾಗಾಗಿ ಬಂದದ್ದು ಕಾರ್ಯಕ್ರಮಕ್ಕೇ ಹೋಗುತ್ತದೆ. ಮಾರಿಬಿಡಬೇಕು ಅಂತ ಸರ್ಕಾರ ಹೊರಟಿತ್ತು, 2023ರ ಜನವರಿಯಲ್ಲಿ ಕೈಬಿಟ್ಟಿತು. ಜಾಹೀರಾತು ಬಂದ ತಕ್ಷಣ ಎಲ್ಲ ಕೆಡುತ್ತೆ ಅನ್ನುವವರಿಗೆ ಇದು ಉತ್ತರ.

ಕಲೋನ್_ಕನ್ನಡಿಗ
ಜರ್ಮನಿಯಲ್ಲಿ ತಿಂಗಳಿಗೆ 18.36 ಯೂರೋ. ಟಿವಿ ಇದೆಯೋ ಇಲ್ಲವೋ ಕೇಳಲ್ಲ, 2013ರಿಂದ ಮನೆಗೆ ಇಷ್ಟು ಅಂತ. ನಾನು ಬಂದ ಹೊಸದರಲ್ಲಿ ಮನೆ ವಿಳಾಸ ನೋಂದಾಯಿಸಿದ್ದಷ್ಟೇ, ಪತ್ರ ಬಂತು. ಮನೆಯಲ್ಲಿ ಟಿವಿ ಇರಲಿ, ಕುರ್ಚಿಯೂ ಇರಲಿಲ್ಲ.

ಆದರೆ ಒಂದು ಒಳ್ಳೆ ವ್ಯವಸ್ಥೆ ಇದೆ. ದುಡ್ಡು ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಒಂದು ಸ್ವತಂತ್ರ ಆಯೋಗ. ರಾಜ್ಯಗಳು ಒಪ್ಪಬೇಕು. 2020ರಲ್ಲಿ ಒಂದು ರಾಜ್ಯ, ಸ್ಯಾಕ್ಸನಿ-ಅನ್‌ಹಾಲ್ಟ್, ಒಪ್ಪಲಿಲ್ಲ. ವಿಷಯ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. 2021ರಲ್ಲಿ ನ್ಯಾಯಾಲಯ ಏರಿಕೆಯನ್ನು ತಾನೇ ಜಾರಿ ಮಾಡಿತು. ಅಂದರೆ ರಾಜಕಾರಣಿ ನಲ್ಲಿ ತಿರುಗಿಸಿದರೆ ಕೇಳುವವರು ಇದ್ದಾರೆ. ಜಾಹೀರಾತು ಸ್ವಲ್ಪ ಇದೆ, ಆದರೆ ರಾತ್ರಿ ಎಂಟರ ಮೇಲೆ ಇಲ್ಲ.

ಗುರು_ಮೈಸೂರು
ತಿಂಗಳಿಗೆ 18 ಯೂರೋ ಅಂತೆ. ನಮ್ಮಲ್ಲಿ ಕೇಬಲ್‌ಗೆ 10 ರೂಪಾಯಿ ಏರಿಸಿದರೆ ಆಪರೇಟರ್ ಮನೆ ಮುಂದೆ ಜಗಳ.

ಕೇಬಲ್_ದಾವಣಗೆರೆ
ನನ್ನ ಮನೆ ಮುಂದೆ ಆಗಿದೆ. ಹಿತ್ತಲ ಬಾಗಿಲಿಂದ ಓಡಾಡ್ತಿದ್ದೆ.

ನಿಯಮಾವಳಿ
ಈಗ ಚಂದನದ ವಿಷಯಕ್ಕೆ ಬರೋಣ. ದೂರದರ್ಶನ, ಆಕಾಶವಾಣಿ ನಡೆಸುವ ಪ್ರಸಾರ ಭಾರತಿಯ ಕಾಯಿದೆ 1990ರದು, ಜಾರಿಗೆ ಬಂದದ್ದು 1997ರಲ್ಲಿ. ಕಾಗದದ ಮೇಲೆ ಸ್ವಾಯತ್ತ ಸಂಸ್ಥೆ. ಮುಖ್ಯಸ್ಥರನ್ನು ಸೂಚಿಸುವ ಸಮಿತಿಗೆ ರಾಜ್ಯಸಭೆಯ ಸಭಾಪತಿ, ಅಂದರೆ ಉಪರಾಷ್ಟ್ರಪತಿ, ಅಧ್ಯಕ್ಷರು. ಇಷ್ಟು ಬಿಗಿ ಇದೆ. ಆದರೆ ಸಂಬಳ ಕೇಂದ್ರದ ಅನುದಾನದಿಂದ. ಯಂತ್ರ, ಸ್ಟುಡಿಯೋ ಸುಧಾರಣೆಗೂ ಕೇಂದ್ರವೇ. 2023ರ ಜನವರಿಯಲ್ಲಿ ಆಕಾಶವಾಣಿ, ದೂರದರ್ಶನ ಎರಡಕ್ಕೂ ಸೇರಿ 2,539 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಕೇಂದ್ರ ಸಂಪುಟ. ಕೊಡುವ ಕೈ ಒಂದೇ ಆದಾಗ ಉದ್ಘಾಟನೆ ಸುದ್ದಿ ಹೆಚ್ಚಾಗುವುದು ಆಶ್ಚರ್ಯವೇ? ಯಾವ ಪಕ್ಷ ಇದ್ದರೂ ಇದೇ ಕಥೆ.

ತುಂಗಾತೀರ
ಖಾಸಗಿ ನ್ಯೂಸ್‌ನವರು ಆ ಲೆಕ್ಕದಲ್ಲಿ ಸ್ವತಂತ್ರರು ಅಲ್ವಾ?

ಲೆಕ್ಕದ_ಪುಸ್ತಕ
ಅಯ್ಯೋ. ರಾಜ್ಯದ ವಾರ್ತಾ ಇಲಾಖೆ ಜಾಹೀರಾತು ಕೊಡುತ್ತೆ, ಕೇಂದ್ರದ ಸಂವಹನ ವಿಭಾಗ ಕೊಡುತ್ತೆ. ಸಣ್ಣ ನ್ಯೂಸ್ ಚಾನೆಲ್‌ಗೆ ಇದು ದೊಡ್ಡ ಮೊತ್ತ. ದೂರದರ್ಶನಕ್ಕೆ ಬರುವುದು ಬಜೆಟ್ಟಿನಲ್ಲಿ ಅಚ್ಚಾಗಿರುತ್ತದೆ, ಯಾರು ಬೇಕಾದರೂ ಓದಬಹುದು. ಇವರಿಗೆ ಯಾವ ತಿಂಗಳು ಎಷ್ಟು ಬಂತು, ಯಾವ ತಿಂಗಳು ಯಾಕೆ ನಿಂತಿತು ಅನ್ನೋದು ನಿಮಗೆ ಕಾಣುವುದಿಲ್ಲ. ನನ್ನ ಕೇಳಿದರೆ ಇದೇ ಹೆಚ್ಚು ಅಪಾಯ.

ಸಂಚಿಕೆಗಾರ್ತಿ
ಇದು ಒಪ್ಪಿದೆ.

ಸಕ್ಕರೆನಾಡು
ಚಂದನದಲ್ಲಿ ದುಡ್ಡಿಲ್ಲದೇ ಒಳ್ಳೇದೂ ಆಗಿದೆ. "ಥಟ್ ಅಂತ ಹೇಳಿ" 2002ರಿಂದ ಬರ್ತಿದೆ. ಡಾ. ನಾ. ಸೋಮೇಶ್ವರ, ಮೂವರು ಸ್ಪರ್ಧಿಗಳು, ಸರಿ ಉತ್ತರಕ್ಕೆ ಪುಸ್ತಕ. ಕೋಟಿ ರೂಪಾಯಿ ಚೆಕ್ ಇಲ್ಲ, ಹಿನ್ನೆಲೆಯಲ್ಲಿ ಢಂ ಢಂ ಇಲ್ಲ. ಸಾವಿರಾರು ಸಂಚಿಕೆ ಆಯ್ತು. ಖಾಸಗಿಯಲ್ಲಾಗಿದ್ದರೆ ಯಾವುದೋ ಒಂದು ಗುರುವಾರ ನಿಲ್ಲಿಸಿರೋರು.

ಗುರು_ಮೈಸೂರು
ಅದೊಂದೇ ಉದಾಹರಣೆ ಎಲ್ಲರೂ ಕೊಡೋದು. ಇನ್ನೊಂದು ಕೊಡಿ ನೋಡೋಣ.

ಸಕ್ಕರೆನಾಡು
"ಮಧುರ ಮಧುರವೀ ಮಂಜುಳಗಾನ". ಬೆಳಿಗ್ಗೆ ನೇರಪ್ರಸಾರದ ಸಂದರ್ಶನ. ಕೃಷಿ ಕಾರ್ಯಕ್ರಮ. ನೀವು ನೋಡಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ.

ಗುರು_ಮೈಸೂರು
ಸರಿ, ನಾನು ಕೇಳೋದು ಇಷ್ಟೇ. ನಾನು ನೋಡದ ಚಾನೆಲ್‌ಗೆ ನನ್ನ ತೆರಿಗೆ ಯಾಕೆ?

ಕಲಬುರ್ಗಿ_ಬಿಸಿಲು
ನೀವು ಓಡಾಡದ ರಸ್ತೆಗೂ ಕೊಡ್ತೀರಿ. ನಾವು ಓಡಾಡದ ಮೆಟ್ರೋಕ್ಕ ನಾವೂ ಕೊಡ್ತೀವಿ.

ಡೆಟ್ರಾಯಿಟ್_ದೇಸಾಯಿ
ತೆರಿಗೆ ಬೇಡ, ದೇಣಿಗೆ ಇರಲಿ ಅನ್ನುವವರು ಅಮೆರಿಕ ನೋಡಿ. ಇಲ್ಲಿ ಪಿಬಿಎಸ್ ಅನ್ನೋ ಸಾರ್ವಜನಿಕ ಟಿವಿ 2025ರವರೆಗೆ ನಡೆಯುತ್ತಿದ್ದದ್ದು ನೋಡುಗರ ದೇಣಿಗೆ, ಕಂಪನಿಗಳ ನೆರವು, ಜೊತೆಗೆ ಕೇಂದ್ರ ಸರ್ಕಾರದ ಸ್ವಲ್ಪ ದುಡ್ಡಿನಲ್ಲಿ. ರಾಜಕೀಯ ಒತ್ತಡ ತಟ್ಟಬಾರದು ಅಂತ ಸಂಸತ್ತು ಎರಡು ವರ್ಷ ಮುಂಚಿತವಾಗಿ ಅನುದಾನ ಒಪ್ಪುವ ಪದ್ಧತಿ ಇತ್ತು. 2025ರ ಜುಲೈನಲ್ಲಿ ಹಾಗೆ ಮುಂಗಡವಾಗಿ ಒಪ್ಪಿದ್ದ 110 ಕೋಟಿ ಡಾಲರನ್ನು ಮತ ಹಾಕಿ ವಾಪಸ್ ತೆಗೆದುಕೊಂಡರು. ದೊಡ್ಡ ಊರಿನ ಸ್ಟೇಷನ್‌ಗಳಿಗೆ ದೇಣಿಗೆ ಕೊಡುವ ಶ್ರೀಮಂತರಿದ್ದಾರೆ. ಹಳ್ಳಿ ಕಡೆಯ ಸ್ಟೇಷನ್‌ಗಳಿಗೇ ಪೆಟ್ಟು ಜೋರು.

ದೇಣಿಗೆ ಎತ್ತುವ ವಾರ ಇಲ್ಲಿ ಟಿವಿ ನೋಡಬೇಕು ನೀವು. ಕಾರ್ಯಕ್ರಮ ನಿಲ್ಲಿಸಿ ನಿಲ್ಲಿಸಿ ಕೇಳುತ್ತಾರೆ. ಅದಕ್ಕಿಂತ ಸಾಬೂನಿನ ಜಾಹೀರಾತು ವಾಸಿ ಅನಿಸಿಬಿಡುತ್ತೆ.

ಮಾಣಿ_ಕುಂದಾಪುರ
ಯಾರೂ ದೂರದರ್ಶನದ ಫ್ರೀ ಡಿಶ್ ಬಗ್ಗೆ ಹೇಳಲೇ ಇಲ್ಲ. ನಮ್ಮ ಊರಿನಲ್ಲಿ ಕೇಬಲ್ ಬಿಟ್ಟು ಅದನ್ನು ಹಾಕಿಸಿದವರು ಸುಮಾರು ಜನ. ಒಮ್ಮೆ ಡಿಶ್, ಬಾಕ್ಸ್ ತೆಗೆದುಕೊಂಡರೆ ಮುಗಿಯಿತು.

ನಿಯಮಾವಳಿ
ಒಳ್ಳೆ ಮಾತು. ಡಿಡಿ ಫ್ರೀ ಡಿಶ್ 2004ರಿಂದ ಇದೆ. ತಿಂಗಳ ಶುಲ್ಕ ಇಲ್ಲ. 4 ಕೋಟಿಗೂ ಹೆಚ್ಚು ಮನೆ ಅಂತ ಅಂದಾಜು. ಅದರಲ್ಲಿ ಖಾಸಗಿ ಚಾನೆಲ್‌ಗಳು ಬರಬೇಕಾದರೆ ಹರಾಜಿನಲ್ಲಿ ಸ್ಲಾಟ್ ಗೆಲ್ಲಬೇಕು. ಹಿಂದಿ ಮನರಂಜನೆಯ ಸ್ಲಾಟ್ ಒಂದಕ್ಕೆ ವರ್ಷಕ್ಕೆ 10 ಕೋಟಿಗೂ ಮೇಲೆ ಹೋಗುತ್ತದೆ. ಅಂದರೆ ಸೀರಿಯಲ್‌ಗಳ ಜಾಹೀರಾತು ದುಡ್ಡೇ ಸುತ್ತಿ ಬಳಸಿ ಪ್ರಸಾರ ಭಾರತಿಗೆ ಬರುತ್ತಿದೆ.

2019ರಲ್ಲಿ ದೊಡ್ಡ ನೆಟ್‌ವರ್ಕ್‌ಗಳು ತಮ್ಮ ಉಚಿತ ಹಿಂದಿ ಚಾನೆಲ್‌ಗಳನ್ನು ಅಲ್ಲಿಂದ ಒಟ್ಟಿಗೇ ತೆಗೆದವು. ಉಚಿತವಾಗಿ ಸಿಕ್ಕರೆ ದುಡ್ಡು ಕೊಟ್ಟು ಯಾರು ನೋಡುತ್ತಾರೆ ಅಂತ. ನೋಡುಗರು ಕೈಬಿಟ್ಟರು, ಮರುವರ್ಷ ವಾಪಸ್ ಬಂದವು.

ತುಂಗಾತೀರ
ಹಾಗಾದರೆ ಆ ಹರಾಜಿನ ದುಡ್ಡನ್ನೇ ಚಂದನದಂಥ ಪ್ರಾದೇಶಿಕ ಚಾನೆಲ್‌ಗೆ ಇಷ್ಟು ಪಾಲು ಅಂತ ಕಾಯಿದೆಯಲ್ಲೇ ಬರೆದಿಟ್ಟರೆ? ಲೈಸೆನ್ಸ್ ಫೀನೂ ಬೇಡ, ಮಂತ್ರಿಯ ಹತ್ತಿರ ಹೋಗೋದೂ ಬೇಡ.

ನಿಯಮಾವಳಿ
ಆಗಬಹುದು. ಆದರೆ ಹರಾಜಿನ ದುಡ್ಡು ಜಾಸ್ತಿ ಬರಬೇಕಾದರೆ ಖಾಸಗಿ ಚಾನೆಲ್‌ಗಳು ಚೆನ್ನಾಗಿ ಓಡಬೇಕು. ನಾಳೆ ಜಾಹೀರಾತೆಲ್ಲ ಮೊಬೈಲಿಗೆ ಹೋದರೆ ಇದೂ ಬತ್ತುತ್ತದೆ. ಜರ್ಮನಿಯ ಥರ ಲೆಕ್ಕ ಹಾಕುವ ಬೇರೆ ಆಯೋಗ ಇದ್ದರೆ ವಾಸಿ. ದುಡ್ಡು ಎಲ್ಲಿಂದಲೇ ಬರಲಿ, ಎಷ್ಟು ಅಂತ ಹೇಳುವವನು ಚುನಾವಣೆಗೆ ನಿಲ್ಲುವವನಾಗಿರಬಾರದು.

ಸಂಚಿಕೆಗಾರ್ತಿ
ಹರಾಜಿನ ದುಡ್ಡಿನಲ್ಲಿ ವಾರಕ್ಕೊಂದು ಒಳ್ಳೆ ಕಥೆ ಮಾಡಿಸಲಿ. 13 ಸಂಚಿಕೆ, ಅಲ್ಲಿಗೆ ಮುಕ್ತಾಯ. ನಾನು ಅರ್ಧ ಸಂಭಾವನೆಗೆ ಬರೆದು ಕೊಡ್ತೀನಿ. ಬಾಟಲಿ ಇಡಲ್ಲ.

ಗುರು_ಮೈಸೂರು
ಅರ್ಧ ಸಂಭಾವನೆ ಅಂತ ಇಲ್ಲಿ ಬರೆದದ್ದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೀನಿ ಮೇಡಂ.

ಅಂಚೆಪೇಟೆ
ಫ್ರೀ ಡಿಶ್ ಹಾಕಿಸೋಣ ಅಂತಿದ್ದೀನಿ. ಬೆಂಗಳೂರಿನಲ್ಲಿ ಯಾವ ಕಡೆ ತಿರುಗಿಸಬೇಕು? ಮನೆ ಪಕ್ಕ ದೊಡ್ಡ ಅಪಾರ್ಟ್‌ಮೆಂಟ್ ಎದ್ದಿದೆ.

ಕೇಬಲ್_ದಾವಣಗೆರೆ
ನನ್ನ ಹೊಟ್ಟೆ ಮೇಲೆ ಹೊಡೆಯೋ ಪ್ರಶ್ನೆ ನನಗೇ ಕೇಳ್ತೀರಲ್ಲ ಯಜಮಾನ್ರೇ. ಉಪಗ್ರಹ ಜಿಸ್ಯಾಟ್ 15, 93.5 ಡಿಗ್ರಿ ಪೂರ್ವ. ಆಗ್ನೇಯಕ್ಕೆ ತಿರುಗಿಸಿ, ಮುಖ ಚೆನ್ನಾಗಿ ಮೇಲಕ್ಕೆ. ಅಪಾರ್ಟ್‌ಮೆಂಟ್ ಆ ಮೂಲೆಯಲ್ಲಿದ್ದು ತೀರಾ ಹತ್ತಿರ ಇದ್ದರೆ ಮಾತ್ರ ತೊಂದರೆ, ಬೇರೆ ಕಡೆ ಇದ್ದರೆ ಏನೂ ಆಗಲ್ಲ.